ಗಂಡಿಲಿಯ ಗ್ರಂಥಿಗಳು: ಸೂಕ್ಷ್ಮದರ್ಶಕದಲ್ಲಿ ಕಂಡದ್ದು

ಕಳೆದ ತಿಂಗಳ ಸಭೆಗೆ ಬಂದಿದ್ದ ಸದಸ್ಯರಿಗೆ ನೆನಪಿರಬಹುದು. ಮಾರಾಟದ ಪ್ರತಿನಿಧಿಯೊಬ್ಬರು ನಮ್ಮ ಸಂಘದ ಕಚೇರಿಗೆ ಬಂದು, ಬಿಳಿಯ ಪುಡಿಯ ಪೊಟ್ಟಣಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಇದನ್ನು ಅನ್ನದಲ್ಲಿ ಕಲಸಿ ತೋಟದಲ್ಲಿ ಇಟ್ಟರೆ ಗಂಡಿಲಿಗಳೆಲ್ಲ ಷಂಡವಾಗುತ್ತವೆ, ಮೂರು ತಿಂಗಳಲ್ಲಿ ಇಲಿಯ ವಂಶವೇ ನಿಲ್ಲುತ್ತದೆ ಎಂದು ಹೇಳಿ ಹೋದರು. ಇದು ವಿಷವಲ್ಲ, ನಾಯಿ ಬೆಕ್ಕುಗಳಿಗೆ ಭಯವಿಲ್ಲ ಎಂಬ ಅವರ ಮಾತು ಅನೇಕರ ಮನಸ್ಸಿಗೆ ಹಿಡಿಸಿತು. ಅಲ್ಲಿಯೇ ಹೆಸರು ಬರೆಸಿದವರೂ ಇದ್ದಾರೆ. ಸಂಘದ ಮೂಲಕವೇ ಒಟ್ಟಿಗೆ ತರಿಸಿದರೆ ಬೆಲೆ ಇಳಿಯುತ್ತದೆ ಎಂಬ ಸೂಚನೆ ಬಂದುದರಿಂದ ಆಡಳಿತ ಮಂಡಳಿಯು ತೀರ್ಮಾನವನ್ನು ಮುಂದಿನ ಸಭೆಗೆ ಉಳಿಸಿಕೊಂಡಿದೆ.

ಹಣ ಸದಸ್ಯರದು. ಎಳೆ ಅಡಕೆ ಉದುರಿ, ಕೊಕ್ಕೊ ಕಾಯಿ ತೂತಾಗಿ ಮೊದಲೇ ನಷ್ಟ ಉಂಡವರ ಹಣ. ಹೀಗಾಗಿ ಪುಡಿ ಬೇಕೋ ಬೇಡವೋ ಎಂದು ಕೈ ಎತ್ತುವ ಮೊದಲು, ಗಂಡಿಲಿಯ ಮೈಯೊಳಗೆ ಯಾವ ಗ್ರಂಥಿ ಏನು ಕೆಲಸ ಮಾಡುತ್ತದೆ ಎಂಬುದನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದೆಂದು ನಮಗೆ ತೋರಿತು. ಮೂವತ್ತು ವರ್ಷಗಳ ಹಿಂದೆ ಪದವಿಗೆ ಪ್ರಾಣಿಶಾಸ್ತ್ರ ಓದಿದವರು ನಾವು; ಓದಿದ್ದರಲ್ಲಿ ಬಹುಪಾಲು ತೋಟದ ಕಪ್ಪಿನಲ್ಲಿ ಹರಿದುಹೋಗಿದೆ. ಆದ್ದರಿಂದ ಹತ್ತಿರದ ಕಾಲೇಜಿನ ಅಧ್ಯಾಪಕ ಮಿತ್ರರೊಬ್ಬರ ಬಳಿಗೆ ಹೋಗಿ, ಎರಡು ಮಧ್ಯಾಹ್ನ ಅವರ ಸೂಕ್ಷ್ಮದರ್ಶಕದ ಮುಂದೆ ಕುಳಿತು ಬಂದೆವು. ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಇಂಥ ವಿಷಯವನ್ನು ಸಂಘದ ಪತ್ರಿಕೆಯಲ್ಲಿ ಬರೆಯುವುದುಂಟೇ ಎಂದು ಹಿರಿಯರೊಬ್ಬರು ಕೇಳಿದರು. ಹೋರಿಗರುವಿಗೆ ಬೀಜ ಒಡೆಸಿ ಎತ್ತು ಮಾಡಿದ ಮನೆಗಳವರು ನಾವು, ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದೆವು. ನಿಜ ಹೇಳುವುದಾದರೆ ಹೋರಿಗೂ ಎತ್ತಿಗೂ ಇರುವ ವ್ಯತ್ಯಾಸ ಬಲ್ಲವರಿಗೆ ಈ ಪಾಠದ ಅರ್ಧಭಾಗ ಆಗಲೇ ಗೊತ್ತಿದೆ.

ಯಾವ ಇಲಿ?

ನಮ್ಮ ತೋಟಗಳಲ್ಲಿ ಮರ ಹತ್ತಿ ಹಾಳು ಮಾಡುವುದು ಮುಖ್ಯವಾಗಿ ಕಪ್ಪಿಲಿ ಎಂದು ಪುಸ್ತಕಗಳು ಕರೆಯುವ ಜಾತಿ. ಹೆಸರು ಕಪ್ಪಿಲಿಯಾದರೂ ನಮ್ಮಲ್ಲಿ ಅದರ ಬೆನ್ನು ಕಂದು, ಹೊಟ್ಟೆ ಬಿಳಿ. ಬಾಲ ಮೈಗಿಂತ ಉದ್ದ. ಕೊಕ್ಕೊ ಕಾಯಿಯ ತೊಟ್ಟಿನ ಹತ್ತಿರ ದುಂಡಗೆ ಕೊರೆದಿದ್ದರೆ ಅದು ಇಲಿಯ ಕೆಲಸ, ಕಾಯಿಯ ನಡುಭಾಗದಲ್ಲಿ ಕೊರೆದಿದ್ದರೆ ಅಳಿಲಿನ ಕೆಲಸ ಎಂಬುದನ್ನು ಸದಸ್ಯರು ಬಲ್ಲರು. ಕಾಲೇಜಿನಲ್ಲಿದ್ದ ಗಾಜಿನ ಪಟ್ಟಿಗಳು ಪ್ರಯೋಗಶಾಲೆಯ ಬಿಳಿ ಇಲಿಯವು. ಅದು ಪೇಟೆಯ ಚರಂಡಿಯ ಕಂದಿಲಿಯ ಸಂತತಿ. ಜಾತಿ ಬೇರೆಯಾದರೂ ಗ್ರಂಥಿಗಳ ಏರ್ಪಾಡು ಎರಡರಲ್ಲಿಯೂ ಒಂದೇ. ಮುಂದೆ ಕೊಡುವ ಅಳತೆಗಳು ಬಿಳಿ ಇಲಿಯವು ಎಂದು ತಿಳಿಯಬೇಕು; ನಮ್ಮ ಇಲಿ ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು.

ಗಾಜಿನ ಪಟ್ಟಿ ತಯಾರಾಗುವ ಬಗೆಯನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಅಂಗವನ್ನು ತೆಗೆದ ಕೂಡಲೇ ಕೊಳೆಯದಂತೆ ಮದ್ದಿನ ನೀರಿನಲ್ಲಿ ಮುಳುಗಿಸಿಟ್ಟು, ಅದರ ನೀರಿನಂಶವನ್ನು ಆಲ್ಕೋಹಾಲಿನಿಂದ ಹೊರತೆಗೆದು, ಕರಗಿದ ಮೇಣವನ್ನು ಒಳಗೆ ತುಂಬಿಸಿ, ಮೇಣದ ಅಚ್ಚನ್ನು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ತೆಳ್ಳಗೆ ಹೆರೆಯುತ್ತಾರೆ. ಹೆರೆದ ಪೊರೆಗೆ ಎರಡು ಬಣ್ಣ ಹಚ್ಚುತ್ತಾರೆ. ಕೋಶಗಳ ಬೀಜಭಾಗ ನೀಲಿ ಹಿಡಿಯುತ್ತದೆ, ಉಳಿದದ್ದು ಗುಲಾಬಿ. ಇಷ್ಟು ತಿಳಿದರೆ ಸಾಕು, ಯಾರು ಬೇಕಾದರೂ ನೋಡಬಹುದು.

ಒಂದೇ ತೋಟ, ಎರಡು ಬೆಳೆ

ಮೊದಲು ವೃಷಣ. ಅಡ್ಡ ಕೊಯ್ದ ತುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಾಣುವುದು ಒತ್ತೊತ್ತಾಗಿ ಕೂಡಿದ ಬಳೆಗಳ ಗುಂಪು. ಒಂದೊಂದು ಬಳೆಯೂ ಒಂದು ನಾಳದ ಅಡ್ಡಕೊಯ್ತ. ಒತ್ತು ಶಾವಿಗೆಯ ಉಂಡೆಯನ್ನು ಚಾಕುವಿನಿಂದ ನಡುವೆ ಕತ್ತರಿಸಿದರೆ ಹೇಗೆ ಕಾಣುತ್ತದೆಯೋ ಹಾಗೆ, ಶಾವಿಗೆಯ ಎಳೆ ಟೊಳ್ಳಾಗಿದೆ ಎಂದು ಮಾತ್ರ ಭಾವಿಸಿಕೊಳ್ಳಬೇಕು. ನಾಳದ ದಪ್ಪ ಮಿಲಿಮೀಟರಿನ ಕಾಲುಭಾಗದಷ್ಟು. ಒಂದು ವೃಷಣದೊಳಗಿನ ನಾಳಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು 20 ಮೀಟರ್, ಅಂದರೆ ಒಂದು ಹಳೆಯ ಅಡಕೆ ಮರದ ಎತ್ತರ. ವೃಷಣವೆಂದರೆ ಮಾಂಸದ ಮುದ್ದೆಯಲ್ಲ, ನಾಳಗಳ ಉಂಡೆ ಎಂದು 1668ರಲ್ಲಿ ಪುಸ್ತಕ ಬರೆದು ತೋರಿಸಿದವರು ಹಾಲೆಂಡಿನ ವೈದ್ಯ ರೆಗ್ನಿಯರ್ ಡಿ ಗ್ರಾಫ್. ಅವರಿಗೆ ಒದಗಿಬಂದದ್ದೂ ಇಲಿಯ ಬಳಗದ್ದೇ ಆದ ಡಾರ್ಮೌಸ್ ಎಂಬ ಪ್ರಾಣಿ. ಅದರ ನಾಳಗಳು ಸುಲಭವಾಗಿ ಬಿಡಿಸಿಕೊಳ್ಳುತ್ತವೆ.

ನಾಳದ ಗೋಡೆಯನ್ನು ಹೆಚ್ಚು ಶಕ್ತಿಯ ಮಸೂರದಲ್ಲಿ ನೋಡಿದರೆ ನಮ್ಮ ಕಾಫಿ ನರ್ಸರಿಯ ನೆನಪಾಗುತ್ತದೆ. ಹೊರ ಅಂಚಿನಲ್ಲಿ ತಾಯಿಕೋಶಗಳ ಸಾಲು. ಅವು ಒಡೆದು ಒಡೆದು ಒಳಕ್ಕೆ ಸರಿದಂತೆ ಬಲಿಯುತ್ತವೆ. ಎಲ್ಲಕ್ಕಿಂತ ಒಳಗಿನವು ಬಾಲ ಮೂಡಿದ ವೀರ್ಯಾಣುಗಳು, ಅವುಗಳ ಬಾಲ ನಡುವಿನ ಟೊಳ್ಳಿಗೆ ಜೋತುಬಿದ್ದಿರುತ್ತವೆ. ಬುಡದಿಂದ ತುದಿಯವರೆಗೆ ನಿಂತು ಈ ಸಸಿಗಳನ್ನೆಲ್ಲ ಸಾಕುವ ಎತ್ತರದ ಕೋಶಗಳಿವೆ. 1865ರಲ್ಲಿ ಅವುಗಳನ್ನು ಬಣ್ಣಿಸಿದ ಇಟಲಿಯ ಎನ್ರಿಕೊ ಸೆರ್ಟೋಲಿ ಅವರ ಹೆಸರಿನಿಂದಲೇ ಅವನ್ನು ಇಂದಿಗೂ ಕರೆಯುತ್ತಾರೆ.

ಇನ್ನು ಬಳೆ ಬಳೆಗಳ ನಡುವಿನ ಸಂದಿಗಳನ್ನು ನೋಡಬೇಕು. ಅಡಕೆ ಸಾಲುಗಳ ನಡುವೆ ಏಲಕ್ಕಿ ಬುಡಗಳಿರುವಂತೆ, ರಕ್ತನಾಳಗಳ ಪಕ್ಕದಲ್ಲಿ ಬೇರೆಯೇ ಬಗೆಯ ಕೋಶಗಳು ಗುಂಪುಗುಂಪಾಗಿ ಕುಳಿತಿವೆ. ಜರ್ಮನಿಯ ಫ್ರಾಂಜ್ ಲೈಡಿಗ್ 1850ರಲ್ಲಿ ಕಂಡ ಕೋಶಗಳು ಇವು. ಇವುಗಳಿಗೂ ವೀರ್ಯಾಣುವಿಗೂ ನೇರ ಸಂಬಂಧವಿಲ್ಲ. ಇವು ತಯಾರಿಸುವುದು ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು. ಅದು ನಾಳದಲ್ಲಿ ಹೊರಹೋಗುವುದಿಲ್ಲ; ರಕ್ತಕ್ಕೆ ಸೇರಿ ಮೈಯೆಲ್ಲ ಹರಡುತ್ತದೆ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇವೆ, ಏಕೆಂದರೆ ಪುಡಿಯ ಪ್ರಶ್ನೆ ನಿಂತಿರುವುದು ಈ ಜಾಗದಲ್ಲಿಯೇ. ಒಂದೇ ತೋಟದಲ್ಲಿ ಎರಡು ಬೆಳೆ. ನಾಳದ ಒಳಗಿನ ಬೆಳೆ ವೀರ್ಯಾಣು, ಸಂದಿಯ ಬೆಳೆ ಹಾರ್ಮೋನು. ಮೊದಲನೆಯದು ನಿಂತು ಎರಡನೆಯದು ಉಳಿದರೆ ಇಲಿ ಸಂತಾನಹೀನ, ಆದರೆ ಷಂಡವಲ್ಲ. ಹೋರಿಯಂತೆಯೇ ಹೆಣ್ಣಿನ ಬೆನ್ನು ಹತ್ತುತ್ತದೆ, ಜಗಳವಾಡುತ್ತದೆ. ಎರಡನೆಯದೂ ನಿಂತರೆ ಎತ್ತು. ಪ್ರತಿನಿಧಿಯವರು ಎರಡು ಮಾತನ್ನೂ ಒಂದೇ ಅರ್ಥದಲ್ಲಿ ಆಡಿದರು. ಅಂದು ನಾವೂ ಕೇಳಲಿಲ್ಲ.

ಸಮಯದ ಲೆಕ್ಕ ಇನ್ನೊಂದು. ಕೆನಡಾದ ಲೆಬ್ಲಾಂಡ್ ಮತ್ತು ಕ್ಲೆರ್ಮಾಂಟ್ ಎಂಬ ವಿಜ್ಞಾನಿಗಳು 1952ರಲ್ಲಿ ಇಲಿಯ ಈ ನಾಳಗಳನ್ನು ಅಭ್ಯಸಿಸಿ, ಗೋಡೆಯಲ್ಲಿನ ಕೋಶಗಳ ಜೋಡಣೆ 14 ಹಂತಗಳಲ್ಲಿ ಸುತ್ತು ಸುತ್ತಾಗಿ ಮರುಕಳಿಸುತ್ತದೆ ಎಂದು ವಿಂಗಡಿಸಿಕೊಟ್ಟರು. ಒಂದು ಸುತ್ತಿಗೆ ಸುಮಾರು 13 ದಿನ. ತಾಯಿಕೋಶದಿಂದ ಹೊರಟದ್ದು ವೀರ್ಯಾಣುವಾಗಿ ಉದುರಬೇಕಾದರೆ ನಾಲ್ಕು ಸುತ್ತಿಗೂ ಮೇಲೆ, ಅಂದರೆ ಐವತ್ತು ದಿನ ದಾಟುತ್ತದೆ.

ಉಗ್ರಾಣ

ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಸುರುಳಿಯೇ ಅಧಿವೃಷಣ. ಇದು ಒಂದೇ ಒಂದು ನಾಳ, ಬಿಡಿಸಿದರೆ ಸುಮಾರು 3 ಮೀಟರ್ ಉದ್ದ. ಇದಕ್ಕೆ ತಲೆ, ನಡು, ಬಾಲ ಎಂದು ಮೂರು ಭಾಗ. ವೃಷಣದಿಂದ ಬಂದ ವೀರ್ಯಾಣುವಿಗೆ ಈಜಲು ಬಾರದು, ಗರ್ಭ ಕಟ್ಟುವ ಶಕ್ತಿಯೂ ಇಲ್ಲ. ಈ ನಾಳದಲ್ಲಿ ಒಂದು ವಾರಕ್ಕೂ ಮೇಲೆ ನಿಧಾನವಾಗಿ ಸಾಗುತ್ತಾ ಅದು ಪಕ್ವವಾಗುತ್ತದೆ. ಕೊಯ್ದ ಕಾಫಿ ಹಣ್ಣು ಆ ದಿನವೇ ಕುಡಿಯುವ ಕಾಫಿಯಾಗುವುದಿಲ್ಲವಷ್ಟೆ. ಪಕ್ವವಾದದ್ದನ್ನು ಬಾಲದ ಭಾಗದಲ್ಲಿ ಕೋಟಿಗಟ್ಟಲೆ ಕೂಡಿಟ್ಟಿರುತ್ತದೆ.

ಈ ಬಾಲದ ಭಾಗವನ್ನು ಚುಚ್ಚಿ ಒಂದು ಹನಿ ಉಪ್ಪುನೀರಿನಲ್ಲಿ ಅದ್ದಿ ನೋಡಿದಾಗ ಕಂಡದ್ದನ್ನು ನಾವು ಮರೆಯಲಾರೆವು. ಇಲಿಯ ವೀರ್ಯಾಣುವಿನ ತಲೆ ನಮ್ಮ ಕಣ್ಣಿಗೆ ಪರಿಚಿತವಾದ ದುಂಡು ತಲೆಯಲ್ಲ. ಅದು ಬಾಗಿದ ಕತ್ತಿ. ಗೊನೆ ಇಳಿಸುವ ದೋಟಿಯನ್ನೇ ಕುಗ್ಗಿಸಿ ಹನಿಯೊಳಗೆ ಬಿಟ್ಟಂತಿತ್ತು: ಉದ್ದನೆಯ ಗಳ, ತುದಿಯಲ್ಲಿ ಬಾಗು. ಉದ್ದ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕೆ ಹತ್ತಿರ; ಮನುಷ್ಯನದಕ್ಕಿಂತ ಮೂರು ಪಟ್ಟು.

ಹಾಲು ಮತ್ತು ಹೆಪ್ಪು

ಇಲಿಯ ಹೊಟ್ಟೆ ಸೀಳಿದಾಗ ಕೆಳಭಾಗದಲ್ಲಿ ಎದ್ದು ಕಾಣುವುದು ಟಗರಿನ ಕೊಂಬಿನಂತೆ ಬಾಗಿದ, ಅಂಚಿನಲ್ಲಿ ಗಂಟುಗಂಟಾದ ಬಿಳಿಯ ಚೀಲಗಳ ಜೋಡಿ. ಇವು ವೀರ್ಯಕೋಶಗಳು. ಹೆಸರು ಹಾಗಿದ್ದರೂ ಇವುಗಳಲ್ಲಿ ವೀರ್ಯಾಣು ಇರುವುದಿಲ್ಲ, ಇರುವುದು ಗಟ್ಟಿಯಾದ ರಸ. ಅಡ್ಡ ಕೊಯ್ದು ನೋಡಿದರೆ ಹೊರಗೆ ಸ್ನಾಯುವಿನ ದಪ್ಪ ಸುತ್ತು, ಒಳಗೆ ಕವಲೊಡೆದ ಮಡಿಕೆಗಳು, ಮಡಿಕೆಗಳ ಮೇಲೆ ಎತ್ತರದ ಕೋಶಗಳ ಸಾಲು, ನಡುವೆ ಕಡು ಗುಲಾಬಿ ಬಣ್ಣ ಹಿಡಿದ ರಸದ ಕೆರೆ. ಕೊಂಬಿನ ಒಳಬಾಗಿಗೆ ಅಂಟಿಕೊಂಡು ಇನ್ನೊಂದು ತೆಳುವಾದ ಗ್ರಂಥಿಯಿದೆ. ಬರಿಗಣ್ಣಿಗೆ ಅದು ಕೊಂಬಿನದೇ ಭಾಗವೆಂದು ತೋರಬಹುದು. ಸೂಕ್ಷ್ಮದರ್ಶಕದಲ್ಲಿ ಅದರ ನಾಳಗಳು ಬೇರೆ, ಒಳಗಿನ ರಸವೂ ಅಷ್ಟು ಕಡುವಾಗಿ ಬಣ್ಣ ಹಿಡಿಯದು. ಇದನ್ನು ಹೆಪ್ಪುಗ್ರಂಥಿ ಎನ್ನೋಣ.

ಹೆಪ್ಪು ಎಂಬ ಹೆಸರು ಸುಮ್ಮನೆ ಕೊಟ್ಟದ್ದಲ್ಲ. ಕೊಂಬಿನ ರಸ ಹಾಲು, ಈ ಗ್ರಂಥಿಯ ರಸ ಹೆಪ್ಪು. ಎರಡೂ ಬೇರೆ ಬೇರೆ ಪಾತ್ರೆಗಳಲ್ಲಿ ಇರುವಷ್ಟು ಹೊತ್ತೂ ಏನೂ ಆಗದು. ಕೂಡುವಿಕೆಯ ಸಮಯದಲ್ಲಿ ಬೆರೆತ ಕೂಡಲೇ ಗಟ್ಟಿಯಾಗುತ್ತದೆ. ದಂಶಕಗಳಲ್ಲಿ ನಡೆಯುವ ಈ ಹೆಪ್ಪುಗಟ್ಟುವಿಕೆಯನ್ನು ಫ್ರಾನ್ಸಿನ ಕಾಮ್ಯು ಮತ್ತು ಗ್ಲೇ 1896ರಲ್ಲಿ ವಿವರಿಸಿದರು. ಹೆಪ್ಪಿನಲ್ಲಿರುವ ಕಿಣ್ವವು ಹಾಲಿನ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ರಬ್ಬರಿನಂತೆ ಮಾಡುತ್ತದೆ. ಪರಿಣಾಮವಾಗಿ ಹೆಣ್ಣಿಲಿಯ ದಾರಿಯಲ್ಲಿ ಬಿಳಿಯ ಬಿರಡೆಯೊಂದು ಕೂರುತ್ತದೆ. ವೀರ್ಯಾಣು ಹಿಂದಕ್ಕೆ ಸೋರದೆ ಒಳಗೆ ಸಾಗಲು ಅದು ನೆರವು. ಬಿರಡೆ ಬಹಳ ಕಾಲ ಉಳಿಯುವುದಿಲ್ಲ, ಕೆಲವು ಗಂಟೆಗಳಲ್ಲಿ ಉದುರುತ್ತದೆ. ಪ್ರಯೋಗಶಾಲೆಗಳಲ್ಲಿ ಬೆಳಿಗ್ಗೆ ಬೋನಿನ ತಟ್ಟೆಯಲ್ಲಿ ಈ ಬಿರಡೆ ಸಿಕ್ಕರೆ ರಾತ್ರಿ ಕೂಡಿವೆ ಎಂದು ಲೆಕ್ಕ ಬರೆದುಕೊಳ್ಳುತ್ತಾರೆ.

ಉಳಿದ ಗ್ರಂಥಿಗಳನ್ನು ಬೇಗ ಮುಗಿಸುತ್ತೇವೆ. ಪ್ರಾಸ್ಟೇಟ್ ಎಂಬುದು ಐವತ್ತು ದಾಟಿದ ನಮ್ಮಂಥವರಿಗೆ ಡಾಕ್ಟರ ಬಾಯಿಂದ ಕೇಳಿ ಪರಿಚಯವಾದ ಹೆಸರು. ಮನುಷ್ಯನಲ್ಲಿ ಅದು ಒಂದೇ ಗಡ್ಡೆ; ಇಲಿಯಲ್ಲಿ ಬಿಡಿಬಿಡಿ ಹಾಲೆಗಳಾಗಿ ಮೂತ್ರಕೋಶದ ಕುತ್ತಿಗೆಯ ಸುತ್ತ ಹರಡಿದೆ. ಮುಂಭಾಗದ ಹಾಲೆಯ ಕೋಶಗಳಲ್ಲಿ ಬೀಜದ ಮೇಲ್ಗಡೆ ತಿಳಿಬಣ್ಣದ ಒಂದು ಕಿಟಕಿ ಕಾಣುತ್ತದೆ, ಅಲ್ಲಿಯೇ ರಸ ತಯಾರಾಗುವುದು. ಪಕ್ಕದ ಹಾಲೆಯಲ್ಲಿ ಸತುವಿನ ಅಂಶ ಬಹಳ. ಕೌಪರ್ ಗ್ರಂಥಿಗಳು ಬಟಾಣಿಯಷ್ಟು ಇದ್ದು ಲೋಳೆ ಒಸರುತ್ತವೆ. ಮುಂದೊಗಲಿನ ಬಳಿ ಚರ್ಮದ ಕೆಳಗೆ ಎಲೆಯಂತೆ ಚಪ್ಪಟೆಯಾದ ಒಂದು ಜೋಡಿ ಗ್ರಂಥಿಗಳಿವೆ. ನಮ್ಮ ತಲೆಯ ಎಣ್ಣೆಗ್ರಂಥಿಗಳ ಜಾತಿಯೇ, ದೊಡ್ಡದಾಗಿ ಬೆಳೆದದ್ದು. ಕೋಶಗಳು ತಾವೇ ಒಡೆದು ರಸವಾಗುತ್ತವೆ, ಆ ರಸದ ವಾಸನೆಯೇ ಗಂಡಿಲಿಯ ವಿಳಾಸ. ಈ ವಾಸನೆಯನ್ನು ಇಲಿಗಳನ್ನು ಸೆಳೆಯಲು ಬಳಸಬಹುದೇ ಎಂದು ತಿರುಚ್ಚಿರಾಪ್ಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆದಿದೆ. ಮುಂದೊಂದು ದಿನ ನಮಗೆ ಉಪಯೋಗಕ್ಕೆ ಬರುವುದಾದರೆ ಪುಡಿಗಿಂತ ಮೊದಲು ಇದೇ ಬರಬಹುದೆಂದು ನಮ್ಮ ಎಣಿಕೆ.

ಎತ್ತಾದ ಇಲಿ

ಅಧ್ಯಾಪಕ ಮಿತ್ರರು ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಎರಡೂ ವೀರ್ಯಕೋಶವೇ. ಒಂದು ಆರೋಗ್ಯವಂತ ಇಲಿಯದು, ಇನ್ನೊಂದು ವೃಷಣ ತೆಗೆದ ಇಲಿಯದು. ಎರಡನೆಯದರಲ್ಲಿ ರಸದ ಕೆರೆ ಬತ್ತಿತ್ತು, ಎತ್ತರದ ಕೋಶಗಳು ಕುಳ್ಳಗಾಗಿದ್ದವು, ಸ್ನಾಯುವಿನ ಸುತ್ತು ಮಾತ್ರ ಖಾಲಿ ಚೀಲದಂತೆ ಸುಕ್ಕಾಗಿ ಉಳಿದಿತ್ತು. ಹಾರ್ಮೋನು ನಿಂತ ಎರಡು ಮೂರು ವಾರಗಳಲ್ಲಿ ಈ ಗ್ರಂಥಿಗಳು ತಮ್ಮ ತೂಕದ ಬಹುಪಾಲನ್ನು ಕಳೆದುಕೊಳ್ಳುತ್ತವೆ. ಹಾರ್ಮೋನನ್ನು ಸೂಜಿಯಲ್ಲಿ ಕೊಟ್ಟರೆ ಮತ್ತೆ ತುಂಬಿಕೊಳ್ಳುತ್ತವೆ. ಗೇಟು ಮುಚ್ಚಿದರೆ ಗದ್ದೆ ಒಣಗಿ, ತೆರೆದರೆ ಹಸುರಾಗುವ ಹಾಗೆ. ಪ್ರಾಸ್ಟೇಟಿನ ಮೇಲೆ ಹಾರ್ಮೋನಿನ ಇಂಥ ಹಿಡಿತವನ್ನು ತೋರಿಸಿ, ಮನುಷ್ಯನ ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆಯ ದಾರಿ ಮಾಡಿದ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕೈ ಹಾಕದೆ ಪ್ರಕೃತಿಯೇ ಇದನ್ನು ಮಾಡುವುದೂ ಉಂಟು. ಉತ್ತರ ಭಾರತದ ಐದು ಪಟ್ಟೆಯ ಅಳಿಲನ್ನು ದೆಹಲಿ ವಿಶ್ವವಿದ್ಯಾಲಯದ ಪ್ರೊ. ಎಂ. ಆರ್. ಎನ್. ಪ್ರಸಾದ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಅಭ್ಯಸಿಸಿದರು. ಆ ಗಂಡು ಅಳಿಲಿನ ವೃಷಣ ವರ್ಷದಲ್ಲಿ ಕೆಲವು ತಿಂಗಳು ಕುಗ್ಗಿ, ಉಳಿದ ಗ್ರಂಥಿಗಳೂ ಬೀಜ ಒಡೆಸಿದಂತೆ ಬತ್ತಿ, ಕಾಲ ಬಂದಾಗ ಮತ್ತೆ ಚಿಗುರುತ್ತವೆ. ನಮ್ಮ ಇಲಿಗೆ ಅಂಥ ಕಟ್ಟುನಿಟ್ಟಾದ ಬಿಡುವಿಲ್ಲ. ಬೆಚ್ಚಗಿನ ಸೀಮೆಯಲ್ಲಿ, ಮೇವು ಇರುವಷ್ಟು ಕಾಲ ಅದು ವರ್ಷದ ಎಲ್ಲ ತಿಂಗಳೂ ಮರಿ ಹಾಕಬಲ್ಲದು. ಮೇವು ಹೆಚ್ಚಿದಾಗ ಹೆಚ್ಚು. ಅಡಕೆ, ಕಾಫಿ, ಕೊಕ್ಕೊ, ಬಾಳೆ ಎಲ್ಲವನ್ನೂ ಒಂದೇ ಎಕರೆಯಲ್ಲಿ ಬೆಳೆಯುವ ನಾವು ಅದರ ಮೇವಿಗೆ ಕೊರತೆ ಮಾಡಿಲ್ಲ.

ಈಗ ಪುಡಿಯ ಲೆಕ್ಕ

ಗಂಡಿಲಿಯ ಸಂತಾನ ನಿಲ್ಲಿಸುವ ಮದ್ದು ಯಾವುದೇ ಇರಲಿ, ಅದು ಹೊಡೆಯಬಹುದಾದ ಜಾಗಗಳು ಮೂರು: ಸಂದಿಯ ಹಾರ್ಮೋನು ಕೋಶ, ನಾಳದ ನರ್ಸರಿ, ಅಧಿವೃಷಣದ ಉಗ್ರಾಣ.

ಹಾರ್ಮೋನಿಗೆ ಹೊಡೆದರೆ ಇಲಿ ಎತ್ತಾಗುತ್ತದೆ. ಎತ್ತಾದ ಇಲಿ ತನ್ನ ಜಾಗವನ್ನು ಕಾಯುವುದಿಲ್ಲ. ಪಕ್ಕದ ತೋಟದ ಹೋರಿ ಬಂದು ಆ ಜಾಗ ಹಿಡಿಯುತ್ತದೆ.

ನರ್ಸರಿಯ ತಾಯಿಕೋಶಗಳಿಗೆ ಹೊಡೆದರೆ, ಆಗಲೇ ಸಾಲಿನಲ್ಲಿರುವ ಸಸಿಗಳೆಲ್ಲ ಬಲಿತು ಉದುರಿ, ಉಗ್ರಾಣ ಖಾಲಿಯಾಗುವವರೆಗೆ ಇಲಿ ಫಲವಂತನೇ. ಮೇಲೆ ಹೇಳಿದ ಐವತ್ತಕ್ಕೆ ಉಗ್ರಾಣದ ದಿನಗಳನ್ನು ಸೇರಿಸಿದರೆ ಎರಡು ತಿಂಗಳು. ಹೆಣ್ಣಿಲಿಯ ಗರ್ಭದ ಅವಧಿ ಮೂರು ವಾರಕ್ಕೆ ಒಂದೆರಡು ದಿನ ಹೆಚ್ಚು. ಈದ ದಿನವೇ ಮತ್ತೆ ಗರ್ಭ ಕಟ್ಟಬಲ್ಲ ಪ್ರಾಣಿ ಅದು. ಆ ಎರಡು ತಿಂಗಳಲ್ಲಿ ಎರಡು ಸೂಲು ಮುಗಿದಿರುತ್ತವೆ, ಮೊದಲ ಸೂಲಿನ ಗಂಡು ಮರಿಗಳು ಮೂರು ತಿಂಗಳ ಸುಮಾರಿಗೆ ತಾವೇ ಪ್ರಾಯಕ್ಕೆ ಬರುತ್ತವೆ. ಅವುಗಳಿಗೆ ಪುಡಿ ತಿನ್ನಿಸಿದವರು ಯಾರು?

ಉಗ್ರಾಣಕ್ಕೆ ಹೊಡೆಯುವ ಮದ್ದು ನಿಜವಾಗಿಯೂ ಇತ್ತು. ಆಲ್ಫಾ ಕ್ಲೋರೋಹೈಡ್ರಿನ್ ಎಂಬ ರಾಸಾಯನಿಕ ಅಧಿವೃಷಣದ ತಲೆಯ ಭಾಗದಲ್ಲಿ ಗಾಯ ಮಾಡಿ ದಾರಿಯನ್ನೇ ಕಟ್ಟಿಬಿಡುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಎಪಿಬ್ಲಾಕ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಪ್ರಮಾಣ ಹೆಚ್ಚಾದರೆ ಇಲಿ ಸಾಯುತ್ತದೆ, ಅಂದರೆ ಅದೂ ವಿಷವೇ. ಹೀಗೆ ದಾರಿ ಕಟ್ಟಿದ ಗಂಡಿಲಿಯಲ್ಲಿ ಹಾರ್ಮೋನು, ಹಾಲು, ಹೆಪ್ಪು ಎಲ್ಲವೂ ಸರಿಯಾಗಿರುತ್ತವೆ. ಅದು ಕೂಡುತ್ತದೆ, ಬಿರಡೆಯನ್ನೂ ಇಡುತ್ತದೆ, ಗರ್ಭ ಮಾತ್ರ ಕಟ್ಟುವುದಿಲ್ಲ. ನ್ಯಾಯವಾಗಿ ಹೇಳಬೇಕಾದರೆ ಇದರಿಂದ ಸ್ವಲ್ಪ ಲಾಭವಿದೆ. ಅಂಥ ಗಂಡಿನೊಡನೆ ಮಾತ್ರ ಕೂಡಿದ ಹೆಣ್ಣು ಬಸಿರಾದಂತೆ ಭ್ರಮೆಗೊಂಡು ಎರಡು ವಾರಕ್ಕೆ ಹತ್ತಿರ ಸುಮ್ಮನಿರುತ್ತದೆ.

ಆದರೆ "ಮಾತ್ರ" ಎಂಬ ಮಾತಿನಲ್ಲಿಯೇ ಎಲ್ಲ ಕೆಡುತ್ತದೆ. ಹೆಣ್ಣಿಲಿ ಬೆದೆಗೆ ಬಂದ ರಾತ್ರಿ ಒಂದೇ ಗಂಡಿನೊಡನೆ ಕೂಡುವುದಿಲ್ಲ. ಬಿರಡೆ ಬೀಗವೂ ಅಲ್ಲ. ಹತ್ತರಲ್ಲಿ ಒಂಬತ್ತು ಗಂಡುಗಳು ಸಂತಾನಹೀನವಾದರೂ, ಹತ್ತನೆಯದರ ಉಗ್ರಾಣದಲ್ಲಿ ಊರಿನ ಹೆಣ್ಣಿಲಿಗಳಿಗೆಲ್ಲ ಸಾಕಾಗುವಷ್ಟು ದಾಸ್ತಾನು ಇದೆ. ಅಮೆರಿಕದ ನಿಪ್ಲಿಂಗ್ ಅವರ ಯೋಚನೆಯಂತೆ 1954ರಲ್ಲಿ ಕುರಾಸಾವೋ ದ್ವೀಪದಲ್ಲಿ ಬಂಜೆ ಗಂಡುನೊಣಗಳನ್ನು ಹಾರಿಬಿಟ್ಟು ದನಗಳ ಹುಣ್ಣಿನಲ್ಲಿ ಹುಳ ಬೀಳಿಸುವ ನೊಣವನ್ನೇ ನಿರ್ಮೂಲ ಮಾಡಿದರಲ್ಲ ಎಂದು ತಿಳಿದವರು ಕೇಳಬಹುದು. ಆ ಹೆಣ್ಣುನೊಣ ಜೀವಮಾನದಲ್ಲಿ ಕೂಡುವುದು ಸಾಮಾನ್ಯವಾಗಿ ಒಂದೇ ಸಲ. ಇಲಿ ಹಾಗಲ್ಲ. ಅಮೆರಿಕದಲ್ಲಿಯೇ 2016ರಲ್ಲಿ ನೋಂದಣಿಯಾದ ಕಾಂಟ್ರಾಪೆಸ್ಟ್ ಎಂಬ ದ್ರವ ಗಂಡಿನ ಜೊತೆಗೆ ಹೆಣ್ಣಿನ ಅಂಡಾಶಯಕ್ಕೂ ಹೊಡೆಯುವಂಥದ್ದು. ಕೆಲಸ ಅರಿತವರು ಗಂಡನ್ನು ಮಾತ್ರ ನಂಬಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಮುಂದಿರುವ ಪೊಟ್ಟಣ ಈ ಮೂರರಲ್ಲಿ ಎಲ್ಲಿಗೆ ಹೊಡೆಯುತ್ತದೆ? ಪೊಟ್ಟಣವನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆವು. ಒಳಗಿರುವ ವಸ್ತುವಿನ ಹೆಸರಿಲ್ಲ, ಶೇಕಡಾ ಪ್ರಮಾಣವಿಲ್ಲ, 1968ರ ಕೀಟನಾಶಕ ಅಧಿನಿಯಮದ ಪ್ರಕಾರ ಇರಬೇಕಾದ ನೋಂದಣಿ ಸಂಖ್ಯೆಯೂ ಇಲ್ಲ. ಇಲಿಯ ಚಿತ್ರವೊಂದಿದೆ, ಚೆನ್ನಾಗಿದೆ.

ನಮ್ಮದೇ ತಪ್ಪು

ಬೇರೆಯವರ ಪುಡಿಯನ್ನು ಜರೆಯುವ ಮೊದಲು ನಮ್ಮದನ್ನೂ ಒಪ್ಪಿಕೊಳ್ಳಬೇಕು. ಎರಡು ವರ್ಷಗಳ ಹಿಂದೆ ಇದೇ ಪತ್ರಿಕೆಯಲ್ಲಿ ನಾವು ಒಂದು ಟಿಪ್ಪಣಿ ಬರೆದಿದ್ದೆವು. ನಮ್ಮ ತೋಟದ ಬೋನುಗಳಿಗೆ ಬಿದ್ದವುಗಳಲ್ಲಿ ಹೆಚ್ಚಿನವು ಬೀಜ ಜೋತ ದೊಡ್ಡ ಗಂಡುಗಳು. ಮೂಲ ಬೀಜದ ಇಲಿಗಳೇ ಮುಗಿದವು, ಇನ್ನು ಮಳೆಗಾಲದವರೆಗೆ ಚಿಂತೆಯಿಲ್ಲ ಎಂದು ಸಂತೋಷಪಟ್ಟು ಬರೆದಿದ್ದೆವು. ನಮ್ಮ ಮಾತು ನಂಬಿ ಕೆಲವು ಸದಸ್ಯರು ಮದ್ದು ಇಡುವುದನ್ನು ನಿಲ್ಲಿಸಿದರು. ಆ ವರ್ಷ ಅವರ ತೋಟದಲ್ಲಿ ಮರದ ಬುಡಕ್ಕೆ ಬಿದ್ದ ಎಳೆ ಕಾಯಿಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಯಾರೂ ನಮ್ಮನ್ನು ಆಡಿಕೊಳ್ಳಲಿಲ್ಲ, ಅದೇ ಹೆಚ್ಚು ಮುಜುಗರ.

ಗಂಡಿಲಿ ಹೆಣ್ಣಿಗಿಂತ ಹೆಚ್ಚು ದೂರ ಅಲೆಯುತ್ತದೆ, ಆದ್ದರಿಂದ ಬೋನಿಗೆ ಹೆಚ್ಚು ಬೀಳುತ್ತದೆ ಎಂಬ ಸರಳ ಸಂಗತಿ ನಮಗೆ ಹೊಳೆದಿರಲಿಲ್ಲ. ಬೋನಿನಲ್ಲಿ ಗಂಡು ತುಂಬಿದ್ದುದು ಹೊರಗೆ ಹೆಣ್ಣು ಉಳಿದಿದೆ ಎಂಬುದರ ಗುರುತು. ಬೀಜ ಜೋತಿದೆ ಎಂದರೆ ಸಂತಾನದ ಕೆಲಸ ಭರದಿಂದ ನಡೆದಿದೆ ಎಂದು ಅರ್ಥ. ಅಂಥದ್ದರ ಹೊಟ್ಟೆಯಲ್ಲಿ ಕೊಂಬುಗಳು ರಸ ತುಂಬಿ ಬಿಳಿಯಾಗಿ ಉಬ್ಬಿರುತ್ತವೆ. ಎಳೆಯ ಗಂಡಿನಲ್ಲಿ ಅವು ದಾರದ ಎಳೆಯಷ್ಟು. ನಾವು ಮದ್ದು ನಿಲ್ಲಿಸಿ ಎಂದು ಬರೆದದ್ದು ಮದ್ದು ಇಡಲೇಬೇಕಾದ ವಾರದಲ್ಲಿ. ಇಲಿಯ ವೃಷಣ ಬೇಕೆಂದಾಗ ಹೊಟ್ಟೆಯೊಳಕ್ಕೆ ಸರಿಯಬಲ್ಲದು ಎಂಬುದನ್ನೂ ನೆನಪಿಡಬೇಕು. ಹೊರಗೆ ಕಾಣದ ಮಾತ್ರಕ್ಕೆ ಅದು ಮರಿ ಎಂದು ತಿಳಿಯಬಾರದು.

ಹಾಗೆಂದು ಬೋನಿಗೆ ಬಿದ್ದ ಇಲಿಯನ್ನು ಮನೆಯಲ್ಲಿ ಕೊಯ್ದು ನೋಡಲು ಯಾರೂ ಹೋಗಬೇಡಿ. ಇಲಿ ಜ್ವರದ ರೋಗಾಣು ಇಲಿಯ ಮೂತ್ರಪಿಂಡದಲ್ಲಿ ನೆಲೆಸಿ ಮೂತ್ರದಲ್ಲಿ ಹೊರಬರುತ್ತದೆ. ಕೈಯ ಸಣ್ಣ ಗೀರಿನಲ್ಲೂ ಮೈಗೆ ಸೇರುತ್ತದೆ. ಮಲೆನಾಡಿನ ನಮಗೆ ಉಣ್ಣೆಯ ಭಯ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಉಣ್ಣೆಗಳು ಕಾಡಿನ ಇಲಿಗಳ ಮೈಮೇಲೂ ಬೆಳೆಯುತ್ತವೆ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳುವುದೇ ಸರಿ. ಎಣಿಕೆಗೆ ಬೇಕಾದದ್ದು ಇಷ್ಟು: ಬೋನಿನಲ್ಲಿರುವಾಗಲೇ ಹೊರಗಿನಿಂದ ನೋಡಿ, ಗಂಡೋ ಹೆಣ್ಣೋ, ದೊಡ್ಡದೋ ಮರಿಯೋ, ಬೀಜ ಜೋತಿದೆಯೇ, ಹೆಣ್ಣಾದರೆ ಹೊಟ್ಟೆ ಉಬ್ಬಿದೆಯೇ, ಮೊಲೆ ಎದ್ದಿದೆಯೇ ಎಂದು ಪುಸ್ತಕದಲ್ಲಿ ಬರೆದಿಡುವುದು. ಬೀಜ ಜೋತ ಗಂಡು, ಹೊಟ್ಟೆ ಉಬ್ಬಿದ ಹೆಣ್ಣು ಒಟ್ಟಿಗೆ ಬೀಳತೊಡಗಿದರೆ ಇನ್ನೊಂದು ತಿಂಗಳಲ್ಲಿ ಮರಿಗಳ ದಂಡು ಬರುತ್ತದೆಂದು ತಿಳಿದು ಕೂಡಲೇ ಅಕ್ಕಪಕ್ಕದವರಿಗೆ ಹೇಳಬೇಕು.

ಮದ್ದಿನ ವಿಷಯದಲ್ಲಿ ಹೊಸದೇನೂ ಇಲ್ಲ. ಕೊಕ್ಕೊ ಇರುವ ತೋಟಗಳಿಗೆ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳಿರುವುದು ಶೇಕಡಾ 0.005ರ ಬ್ರೋಮಾಡಿಯೋಲೋನ್ ಮೇಣದ ಬಿಲ್ಲೆ, 10 ಗ್ರಾಮಿನದು, ಮರದ ಕವಲಿನಲ್ಲಿ ಇಟ್ಟು, 10–12 ದಿನ ಬಿಟ್ಟು ಇನ್ನೊಮ್ಮೆ. ಇದು ಗಂಡು ಹೆಣ್ಣು ಎಂದು ನೋಡುವುದಿಲ್ಲ. ವಿಷವೇ ಆದ್ದರಿಂದ ಮಕ್ಕಳು, ನಾಯಿ, ಬೆಕ್ಕು ಮುಟ್ಟದ ಎತ್ತರದಲ್ಲಿರಬೇಕು, ಸತ್ತ ಇಲಿಗಳನ್ನು ಹುಡುಕಿ ಹೂಳಬೇಕು. ಒಬ್ಬರು ಇಟ್ಟು ಪಕ್ಕದವರು ಇಡದಿದ್ದರೆ ಖಾಲಿಯಾದ ಜಾಗಕ್ಕೆ ಪಕ್ಕದ ತೋಟದ ಇಲಿಯೇ ಬರುತ್ತದೆ. ಒಂದು ಕಣಿವೆಯ ತೋಟಗಳೆಲ್ಲ ಒಂದೇ ವಾರದಲ್ಲಿ ಇಡುವುದಾದರೆ ಬಿಲ್ಲೆಗಳನ್ನು ಸಂಘದ ಮೂಲಕ ತರಿಸಿಕೊಡಲು ನಾವು ಸಿದ್ಧ. ಪುಡಿಗೆ ಹೆಸರು ಬರೆಸಿದ ಸದಸ್ಯರಿಂದ ಇದುವರೆಗೆ ಹಣ ತೆಗೆದುಕೊಂಡಿಲ್ಲ. ಹೆಸರು ಹಿಂದೆಗೆದುಕೊಳ್ಳುವವರು ಸಭೆಯ ಹಿಂದಿನ ದಿನದೊಳಗೆ ಕಚೇರಿಗೆ ತಿಳಿಸಬಹುದು. ಪುಡಿಯೇ ಬೇಕು ಎನ್ನುವವರು ಸಭೆಯಲ್ಲಿ ಬಂದು ವಾದಿಸಲಿ. ಪ್ರತಿನಿಧಿಯವರಿಗೂ ಕಾಗದ ಬರೆದು, ವಸ್ತುವಿನ ಹೆಸರು ಮತ್ತು ನೋಂದಣಿ ಸಂಖ್ಯೆ ಕೇಳಿದ್ದೇವೆ. ಉತ್ತರ ಬಂದರೆ ಸಭೆಯಲ್ಲಿ ಓದುತ್ತೇವೆ.

ಅಧ್ಯಾಪಕ ಮಿತ್ರರು ಮುಂದಿನ ಸಂತೆಯ ದಿನ ಸೂಕ್ಷ್ಮದರ್ಶಕವನ್ನೂ ಗಾಜಿನ ಪಟ್ಟಿಗಳನ್ನೂ ಸಂಘದ ಕಚೇರಿಗೆ ತರಲು ಒಪ್ಪಿದ್ದಾರೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಯಾರಾದರೂ ಬಂದು ನೋಡಬಹುದು. ಕನ್ನಡಕವಿದ್ದವರು ಕನ್ನಡಕ ತರಬೇಕು. ಇಲಿಗಳನ್ನು ತರುವುದು ಬೇಡ.